‘ಸರ್ಕಾರದ ಪೇಟೆಂಟ್ ಇರುವ ಮೋಟಾರ್’: ಪೇಟೆಂಟ್ ಕಚೇರಿ ಪರೀಕ್ಷಿಸುವುದು ಏನನ್ನು?

ಕಳೆದ ಬೇಸಿಗೆಯಲ್ಲಿ ತಿಪಟೂರು ಕಡೆಯ ನಮ್ಮ ದೊಡ್ಡಪ್ಪ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫಾರ್ವರ್ಡ್ ಕಳಿಸಿದರು. ನಾನು ಅದನ್ನು ಓದಿ ಮುಗಿಸುವ ಮೊದಲೇ ಫೋನೂ ಬಂತು. “ನೋಡಿದ್ಯೇನಪ್ಪ? ಗೌರ್ಮೆಂಟ್ ಪೇಟೆಂಟ್ ಬೇರೆ ಕೊಟ್ಟಿದೆಯಂತೆ. ಹನ್ನೆರಡು ಸಾವಿರ ಅಡ್ವಾನ್ಸ್ ಕಟ್ಟಿದ್ರೆ ಬುಕ್ ಆಗುತ್ತಂತೆ. ಕಟ್ಟಲಾ?”

ಫಾರ್ವರ್ಡ್‌ನಲ್ಲಿದ್ದದ್ದು ಒಂದು ಪಂಪ್ ಮೋಟಾರಿನ ಫೋಟೋ. ಕಂಟ್ರೋಲರ್ ಮೋಟಾರಿನ ಒಳಗೇ ಇದೆಯಂತೆ, ಅದಕ್ಕೆ ಹೀಟ್ ಪ್ರೂಫ್ ಕವಚವಂತೆ, ‘ಎಂದಿಗೂ ಸುಡುವುದಿಲ್ಲ’, ‘ಕರೆಂಟ್ ಶೇ. 90 ಉಳಿತಾಯ’. ಕೆಳಗೆ ಸಿಂಹಲಾಂಛನದ ಒಂದು ಕಾಗದ, ಅದರ ಮೇಲೆ ಉದ್ದನೆಯ ನಂಬರ್. ಕೊನೆಯಲ್ಲಿ, ಎಂದಿನಂತೆ, ‘ಪ್ರತಿಯೊಬ್ಬ ರೈತನಿಗೂ ತಲುಪುವವರೆಗೆ ಶೇರ್ ಮಾಡಿ’.

ಬಿಲ್ಲಿನ ಉಳಿತಾಯ ದೊಡ್ಡಪ್ಪನಿಗೆ ಮುಖ್ಯವಲ್ಲ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ. ಅವರ ತೊಂದರೆ ಬೇರೆ. ತ್ರೀ ಫೇಸ್ ಬರುವುದೇ ಕೆಲವು ಗಂಟೆ, ಅದೂ ಎಷ್ಟೋ ದಿನ ರಾತ್ರಿ ಹೊತ್ತು. ವೋಲ್ಟೇಜ್ ಏರುಪೇರಾಗಿ ಮೋಟಾರ್ ಸುಟ್ಟರೆ ಬೋರ್‌ವೆಲ್‌ನಿಂದ ಮೇಲೆತ್ತಬೇಕು, ರೀವೈಂಡಿಂಗ್ ಮಾಡಿಸಬೇಕು, ಮತ್ತೆ ಇಳಿಸಬೇಕು. ಅಷ್ಟರಲ್ಲಿ ತೆಂಗಿನ ಗರಿ ಜೋತುಬಿದ್ದಿರುತ್ತದೆ. ‘ಎಂದಿಗೂ ಸುಡುವುದಿಲ್ಲ’ ಎಂಬ ಎರಡು ಪದ ಅವರನ್ನು ಹಿಡಿದದ್ದು ಅದಕ್ಕೇ. ಆ ಎರಡು ಪದಗಳಿಗೆ ಜಾಮೀನು ನಿಂತದ್ದು ‘ಪೇಟೆಂಟ್’ ಎಂಬ ಮೂರನೆಯ ಪದ.

“ದುಡ್ಡು ಕಟ್ಟಬೇಡಿ ದೊಡ್ಡಪ್ಪ, ಆ ಕಾಗದದ ಮೇಲಿರುವ ನಂಬರ್ ಓದಿ” ಎಂದೆ. ಆ ನಂಬರಿನ ಕಥೆಗೆ ಆಮೇಲೆ ಬರೋಣ. ಅದು ಅರ್ಥವಾಗಬೇಕಾದರೆ ಪೇಟೆಂಟ್ ಕಚೇರಿಯೊಳಗೆ ಇಂಥ ಮೋಟಾರಿನ ಅರ್ಜಿಗೆ ಏನಾಗುತ್ತದೆ ಎಂಬುದು ಮೊದಲು ಗೊತ್ತಿರಬೇಕು.

ಐಎಸ್‌ಐ ಮಾರ್ಕ್ ಬೇರೆ, ಪೇಟೆಂಟ್ ಬೇರೆ

ಪೇಟೆಂಟ್ ಎಂದರೆ ಸರ್ಕಾರ ಮತ್ತು ಸಂಶೋಧಕರ ನಡುವಿನ ಒಂದು ಕರಾರು. ‘ನಿನ್ನ ಹೊಸ ವಿಧಾನವನ್ನು ಎಲ್ಲರಿಗೂ ಅರ್ಥವಾಗುವಂತೆ ಪೂರ್ತಿ ಬರೆದುಕೊಡು. ಅದಕ್ಕೆ ಪ್ರತಿಯಾಗಿ, ಅರ್ಜಿ ಹಾಕಿದ ದಿನದಿಂದ 20 ವರ್ಷ ಬೇರೆಯವರು ಅದನ್ನು ನಿನ್ನ ಒಪ್ಪಿಗೆಯಿಲ್ಲದೆ ಮಾಡದಂತೆ, ಮಾರದಂತೆ ತಡೆಯುವ ಹಕ್ಕು ಕೊಡುತ್ತೇವೆ’ ಎಂಬುದು ಆ ಕರಾರು. ‘ಇದು ಚೆನ್ನಾಗಿ ಕೆಲಸ ಮಾಡುತ್ತದೆ’, ‘ಇದು ಸುರಕ್ಷಿತ’, ‘ಇದು ಕರೆಂಟ್ ಉಳಿಸುತ್ತದೆ’ ಎಂಬ ಮಾತು ಅದರಲ್ಲಿ ಎಲ್ಲೂ ಇಲ್ಲ.

ಆ ಮಾತು ಹೇಳುವ ವ್ಯವಸ್ಥೆಗಳು ಬೇರೆಯೇ ಇವೆ. ಬೋರ್‌ವೆಲ್‌ನ ಸಬ್‌ಮರ್ಸಿಬಲ್ ಪಂಪ್‌ಸೆಟ್‌ಗೆ ಐಎಸ್ 8034 ಎಂಬ ಭಾರತೀಯ ಮಾನದಂಡವಿದೆ. ಅದಕ್ಕೆ ತಕ್ಕಂತೆ ಪರೀಕ್ಷೆ ಮಾಡಿಸಿದ ಪಂಪಿಗೆ ಐಎಸ್‌ಐ ಮಾರ್ಕ್ ಸಿಗುತ್ತದೆ. ಕರೆಂಟ್ ಎಷ್ಟು ಎಳೆಯುತ್ತದೆ ಎನ್ನುವುದಕ್ಕೆ ಬಿಇಇ ಸ್ಟಾರ್ ಲೇಬಲ್ ಇದೆ. ಇವೆರಡರ ಹಿಂದೆಯೂ ಯಾವುದೋ ಪ್ರಯೋಗಾಲಯದಲ್ಲಿ ಯಾರೋ ಮೀಟರ್ ಹಚ್ಚಿ ಅಳೆದಿರುತ್ತಾರೆ. ಪೇಟೆಂಟ್ ಪರೀಕ್ಷಕರ ಮೇಜಿನ ಮೇಲೆ ಇರುವುದು ಕಂಪ್ಯೂಟರ್ ಮಾತ್ರ, ಮೋಟಾರ್ ಅಲ್ಲ. ಮಾದರಿ ತಂದು ತೋರಿಸಿ ಎಂದು ಕೇಳುವ ಅಧಿಕಾರ ಕಾನೂನಿನಲ್ಲಿದೆ, ನಿಜ. ಆದರೆ ಸಾಮಾನ್ಯವಾಗಿ ಪರೀಕ್ಷೆ ನಡೆಯುವುದು ಬರಹ ಮತ್ತು ಚಿತ್ರಗಳ ಮೇಲೆಯೇ.

ಇದು ನನ್ನ ಅಭಿಪ್ರಾಯವೇನಲ್ಲ. 1970ರ ನಮ್ಮ ಪೇಟೆಂಟ್ ಕಾಯ್ದೆಯ 13ನೇ ಕಲಂನ ನಾಲ್ಕನೇ ಉಪಕಲಂ ಇದನ್ನು ಬಾಯಿಬಿಟ್ಟು ಹೇಳುತ್ತದೆ: ಕಚೇರಿ ಪರೀಕ್ಷೆ ಮಾಡಿತು ಎಂದ ಮಾತ್ರಕ್ಕೆ ಆ ಪೇಟೆಂಟ್ ಸಿಂಧು ಎಂಬ ಖಾತರಿ ಇಲ್ಲ, ಅದಕ್ಕೆ ಸರ್ಕಾರವಾಗಲಿ ಅಧಿಕಾರಿಯಾಗಲಿ ಹೊಣೆಯೂ ಅಲ್ಲ. ಸ್ವತಃ ಪೇಟೆಂಟ್ ಎಂಬ ಹಕ್ಕಿಗೇ ಖಾತರಿ ಕೊಡದ ಸರ್ಕಾರ ಅದರ ಹಿಂದಿರುವ ಮೋಟಾರಿಗೆ ಎಲ್ಲಿಂದ ಖಾತರಿ ಕೊಟ್ಟೀತು?

ಮೋಟಾರಿನ ಹೊಟ್ಟೆಯೊಳಗೆ ಕಂಟ್ರೋಲರ್

ಫಾರ್ವರ್ಡ್ ಎಂದರೆ ಪೂರ್ತಿ ಸುಳ್ಳು ಎಂದು ತಳ್ಳಿಹಾಕುವುದೂ ಸರಿಯಲ್ಲ. ಕಂಟ್ರೋಲರನ್ನು ಮೋಟಾರಿನೊಳಗೇ ಇಟ್ಟು ಅದನ್ನು ಶಾಖದಿಂದ ಕಾಪಾಡುವುದು ನಿಜವಾದ ಎಂಜಿನಿಯರಿಂಗ್ ಸಮಸ್ಯೆ. ಪ್ರಪಂಚದಾದ್ಯಂತ ಇದರ ಮೇಲೆ ಅರ್ಜಿಗಳು ಬರುತ್ತಲೇ ಇರುತ್ತವೆ.

ಹಿಂದೆ ಮೋಟಾರ್ ಒಂದು ಕಡೆ, ಅದರ ವೇಗ ನಿಯಂತ್ರಿಸುವ ಪೆಟ್ಟಿಗೆ ಇನ್ನೊಂದು ಕಡೆ ಇರುತ್ತಿತ್ತು, ನಡುವೆ ಉದ್ದನೆಯ ಕೇಬಲ್. ಈಗ ಬಹಳ ಕಡೆ ಎರಡೂ ಒಂದೇ ಮೈಯೊಳಗೆ ಸೇರಿವೆ. ನಿಮ್ಮ ಮನೆಯಲ್ಲಿ ರಿಮೋಟ್‌ನಿಂದ ನಡೆಯುವ ಬಿಎಲ್‌ಡಿಸಿ ಫ್ಯಾನ್ ಇದ್ದರೆ ಅದರ ಎಲೆಕ್ಟ್ರಾನಿಕ್ ಕಾರ್ಡ್ ಬಹುತೇಕ ಫ್ಯಾನಿನ ಒಳಗೇ ಇರುತ್ತದೆ. ಹೀಗೆ ಮಾಡಿದರೆ ಕೇಬಲ್ ಉಳಿಯುತ್ತದೆ, ಜಾಗ ಉಳಿಯುತ್ತದೆ, ಕೇಬಲ್ ಹೊಮ್ಮಿಸುವ ವಿದ್ಯುತ್ ಗದ್ದಲವೂ ಕಡಿಮೆಯಾಗುತ್ತದೆ.

ಆದರೆ ಒಂದೇ ಮನೆಯಲ್ಲಿ ಇಬ್ಬರನ್ನು ಇಟ್ಟರೆ ಸ್ವಭಾವ ಹೊಂದಬೇಕಲ್ಲ? ಮೋಟಾರಿನ ತಾಮ್ರದ ವೈಂಡಿಂಗ್ ಬಿಸಿ ತಡೆದುಕೊಳ್ಳುವ ಜಾತಿ. ‘ಎಫ್’ ದರ್ಜೆಯ ವೈಂಡಿಂಗ್ ನಿರೋಧಕ 155 ಡಿಗ್ರಿ ಸೆಲ್ಸಿಯಸ್‌ವರೆಗೆ, ‘ಎಚ್’ ದರ್ಜೆಯದು 180 ಡಿಗ್ರಿವರೆಗೆ ತಾಳುತ್ತದೆ. ಕಂಟ್ರೋಲರಿನಲ್ಲಿರುವ ಎಲೆಕ್ಟ್ರೊಲಿಟಿಕ್ ಕೆಪ್ಯಾಸಿಟರ್ ಅಷ್ಟು ಗಟ್ಟಿಯಲ್ಲ. ಅದು ಸಾಮಾನ್ಯವಾಗಿ 85 ಅಥವಾ 105 ಡಿಗ್ರಿಗೆಂದು ಮಾಡಿದ್ದು. ಅದರ ಸುತ್ತಲಿನ ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚೂಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳು ಬಾಯಿಲೆಕ್ಕದಲ್ಲಿ ಬಳಸುವ ನಿಯಮ. ಅಂದರೆ ವೈಂಡಿಂಗಿಗೆ ಮಾಮೂಲಿಯಾದ ಬಿಸಿ ಪಕ್ಕದಲ್ಲೇ ಇರುವ ಕೆಪ್ಯಾಸಿಟರಿಗೆ ಸಾವು.

ಸರಿ, ನಡುವೆ ಶಾಖ ದಾಟದ ಗೋಡೆ ಕಟ್ಟಿಬಿಡೋಣ ಎಂದು ಯಾರಿಗಾದರೂ ಹೊಳೆಯುತ್ತದೆ. ಇಲ್ಲೇ ಇರುವುದು ಸಿಕ್ಕು. ಶಾಖನಿರೋಧಕ ಯಾವುದನ್ನೂ ತಂಪು ಮಾಡುವುದಿಲ್ಲ. ಶಾಖ ದಾಟುವುದನ್ನು ನಿಧಾನ ಮಾಡುತ್ತದೆ, ಅಷ್ಟೇ. ಫ್ಲಾಸ್ಕಿಗೆ ಬಿಸಿ ಕಾಫಿ ಹಾಕಿದರೆ ಬಿಸಿಯಾಗಿಯೂ ತಣ್ಣೀರು ಹಾಕಿದರೆ ತಣ್ಣಗೂ ಇರುವುದು ಇದೇ ಕಾರಣಕ್ಕೆ. ಹೊರಗಿನ ಬಿಸಿ ಒಳಗೆ ಬಾರದಂತೆ ಕಟ್ಟಿದ ಗೋಡೆ ಒಳಗಿನ ಬಿಸಿಯನ್ನೂ ಹೊರಗೆ ಬಿಡುವುದಿಲ್ಲ.

ಕಂಟ್ರೋಲರ್ ತಾನೂ ಬಿಸಿಯಾಗುತ್ತದೆ. ಒಂದು 5 ಎಚ್‌ಪಿ ಮೋಟಾರ್ ಸುಮಾರು 4,660 ವಾಟ್ ಎಳೆಯುತ್ತದೆ ಎಂದುಕೊಳ್ಳಿ. ಅದರಲ್ಲಿ ನೂರಕ್ಕೆ ನಾಲ್ಕು ಭಾಗ ಕಂಟ್ರೋಲರಿನಲ್ಲೇ ಶಾಖವಾಗಿ ಹೋದರೂ 186 ವಾಟ್ ಆಯಿತು. 60 ವಾಟಿನ ಮೂರು ಹಳೇ ಬಲ್ಬುಗಳನ್ನು ಹಚ್ಚಿ ಮೇಲೆ ಕಂಬಳಿ ಹೊದಿಸಿದ ಹಾಗೆ. ಕವಚ ಎಷ್ಟು ಒಳ್ಳೆಯದೋ ಅಷ್ಟು ಬೇಗ ಒಳಗಿರುವುದು ಬೇಯುತ್ತದೆ.

ಹಾಗಾಗಿ ‘ಹೀಟ್ ಪ್ರೂಫ್ ಕವಚ’ ಎಂಬುದು ಅರ್ಧ ಮಾತು. ವೈಂಡಿಂಗಿನ ಕಡೆಗೆ ಗೋಡೆ ಕಟ್ಟಿ, ಕಂಟ್ರೋಲರಿನ ಸ್ವಂತ ಶಾಖ ಬೇರೊಂದು ದಾರಿಯಲ್ಲಿ ಹೊರಹೋಗುವಂತೆ ಮಾಡಿದರೆ ಮಾತ್ರ ಕೆಲಸ ಪೂರ್ತಿ. ಆ ದಾರಿ ಅಲ್ಯೂಮಿನಿಯಂ ರೆಕ್ಕೆಗಳಿರಬಹುದು, ಪ್ರತ್ಯೇಕ ಗಾಳಿಹಾದಿ ಇರಬಹುದು, ಪಂಪಿನಲ್ಲಿ ಹರಿಯುವ ನೀರೇ ಇರಬಹುದು. ಸಂಶೋಧನೆ ಎನ್ನುವುದೇನಾದರೂ ಇದ್ದರೆ ಅದು ಸಾಮಾನ್ಯವಾಗಿ ಈ ದಾರಿಯಲ್ಲಿರುತ್ತದೆ. ಗೋಡೆಯನ್ನು ಯಾರು ಬೇಕಾದರೂ ಕಟ್ಟಿಯಾರು.

ಕ್ರಯಪತ್ರದ ಚಕ್ಕುಬಂದಿಯಂತೆ

ಈಗ ಪರೀಕ್ಷಕರ ಮೇಜಿಗೆ ಬರೋಣ. (ಐನ್‌ಸ್ಟೈನ್ 1902ರಿಂದ 1909ರವರೆಗೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ ಕೂತಿದ್ದು ಇಂಥದೇ ಮೇಜಿನ ಮುಂದೆ. ಹಾಗಾಗಿ ಇದು ಗುಮಾಸ್ತರ ಕೆಲಸ ಎಂದು ಹಗುರ ಮಾಡಬೇಡಿ.) ನಮ್ಮ ದೇಶದಲ್ಲಿ ಪೇಟೆಂಟ್ ಕಚೇರಿಗಳಿರುವುದು ಕೋಲ್ಕತ್ತ, ದೆಹಲಿ, ಮುಂಬೈ ಮತ್ತು ಚೆನ್ನೈಗಳಲ್ಲಿ. ಕರ್ನಾಟಕದವರ ಅರ್ಜಿ ಸೇರುವುದು ಚೆನ್ನೈಗೆ.

ಅರ್ಜಿಯಲ್ಲಿ ವಿವರಣೆ, ಚಿತ್ರಗಳ ಜೊತೆ ‘ಕ್ಲೇಮ್’ ಎಂಬ ಭಾಗವಿರುತ್ತದೆ. ಜಮೀನಿನ ಕ್ರಯಪತ್ರ ನೋಡಿದವರಿಗೆ ಇದು ಸುಲಭ. ಪತ್ರದಲ್ಲಿ ಎಷ್ಟೇ ಪುಟ ಇರಲಿ, ನಿಮ್ಮದು ಎಲ್ಲಿಂದ ಎಲ್ಲಿಯವರೆಗೆ ಎಂದು ಹೇಳುವುದು ಚಕ್ಕುಬಂದಿ. ಕ್ಲೇಮ್ ಎಂದರೆ ಸಂಶೋಧನೆಯ ಚಕ್ಕುಬಂದಿ. ಒಂದು ವಿಚಿತ್ರವೆಂದರೆ ಇಲ್ಲಿ ಪದ ಹೆಚ್ಚಾದಷ್ಟೂ ಜಮೀನು ಚಿಕ್ಕದಾಗುತ್ತದೆ. ‘ಒಂದು ಮೋಟಾರ್’ ಎಂದರೆ ಎಲ್ಲ ಮೋಟಾರೂ ಬಂತು. ‘ಒಳಗೆ ಕಂಟ್ರೋಲರ್ ಇರುವ ಮೋಟಾರ್’ ಎಂದರೆ ಅದರಲ್ಲಿ ಒಂದು ಭಾಗ. ‘ಕಂಟ್ರೋಲರಿನ ಸುತ್ತ ಇಂಥ ದಪ್ಪದ, ಇಂಥ ವಸ್ತುವಿನ ಗೋಡೆ ಇರುವ ಮೋಟಾರ್’ ಎಂದರೆ ಇನ್ನೂ ಚಿಕ್ಕ ತುಂಡು.

ಉದಾಹರಣೆಗೆ ಒಂದು ಅರ್ಜಿಯನ್ನು ನಾವೇ ಕಲ್ಪಿಸಿಕೊಳ್ಳೋಣ. ಅದರ ಮೊದಲ ಕ್ಲೇಮ್ ಹೀಗಿದೆ: ‘ಒಂದು ವಿದ್ಯುತ್ ಮೋಟಾರ್. ಅದರ ಹೊರಕವಚದೊಳಗೆ ವೈಂಡಿಂಗ್ ಮತ್ತು ಕಂಟ್ರೋಲರ್ ಇವೆ. ಇವೆರಡರ ನಡುವೆ ಶಾಖನಿರೋಧಕ ಗೋಡೆ ಇದೆ.’

ಪರೀಕ್ಷಕರು ಮೊದಲು ಕೇಳುವುದು: ಇದು ಹೊಸದೇ? ಅರ್ಜಿ ಹಾಕುವ ಮುಂಚೆ ಪ್ರಪಂಚದ ಯಾವ ಮೂಲೆಯಲ್ಲಾದರೂ, ಯಾವ ಭಾಷೆಯಲ್ಲಾದರೂ ಇದು ಪ್ರಕಟವಾಗಿದ್ದರೆ ಹೊಸದಲ್ಲ. ಹಳೆಯ ಪೇಟೆಂಟ್‌ಗಳ ಭಂಡಾರದಲ್ಲಿ ಅವರು ಹುಡುಕುತ್ತಾರೆ. ಒಂದು ಹಳೆಯ ದಾಖಲೆ ಸಿಗುತ್ತದೆ ಎನ್ನಿ. ಅದರಲ್ಲಿ ಮೋಟಾರಿನ ಹಿಂಬದಿಯಲ್ಲಿ ಕಂಟ್ರೋಲರ್ ಇದೆ, ನಡುವೆ ಒಂದು ಪ್ಲಾಸ್ಟಿಕ್ ತಟ್ಟೆ ಇದೆ. ಆ ದಾಖಲೆಯಲ್ಲಿ ‘ಶಾಖನಿರೋಧಕ’ ಎಂಬ ಪದವೇ ಇಲ್ಲ. ತಟ್ಟೆ ಹಾಕಿದ್ದು ಧೂಳು ಬಾರದಿರಲಿ ಎಂದು.

ಆದರೂ ಅರ್ಜಿದಾರರ ಕ್ಲೇಮ್ ಬಿದ್ದುಹೋಗಬಹುದು! ಏಕೆಂದರೆ ಪ್ಲಾಸ್ಟಿಕ್ ಸ್ವಭಾವತಃ ಶಾಖನಿರೋಧಕ. ಸಾಮಾನ್ಯ ಪ್ಲಾಸ್ಟಿಕ್ಕಿನ ಶಾಖವಾಹಕತೆ ಸುಮಾರು 0.2 ಎಂದಾದರೆ ಅದೇ ಮಾನದಲ್ಲಿ ಅಲ್ಯೂಮಿನಿಯಂನದು 200ರ ಆಸುಪಾಸು. ಸಾವಿರ ಪಟ್ಟು ವ್ಯತ್ಯಾಸ. ಕ್ಲೇಮ್‌ನಲ್ಲಿ ಬರೆದದ್ದು ‘ಶಾಖನಿರೋಧಕ ಗೋಡೆ’ ಎಂದು ಮಾತ್ರ. ಹಳೆಯ ತಟ್ಟೆಯೂ ಶಾಖನಿರೋಧಕ ಗೋಡೆಯೇ. ಯಾವ ಉದ್ದೇಶಕ್ಕೆ ಹಾಕಿದ್ದರೂ ಅದು ಅಲ್ಲಿ ಇತ್ತು. ಹಾಗೆ ನೋಡಿದರೆ ಗಾಳಿಯ ಶಾಖವಾಹಕತೆ 0.026 ಮಾತ್ರ. ಹಾಗಾದರೆ ಬರೀ ಸಂದು ಬಿಟ್ಟರೂ ಅದು ನಿರೋಧಕವೇ? ಎಷ್ಟು ತಡೆದರೆ ‘ನಿರೋಧಕ’ ಎನ್ನಬೇಕು ಎಂಬುದನ್ನು ಕ್ಲೇಮ್ ಹೇಳದಿದ್ದರೆ ಅದು ಸ್ಪಷ್ಟವಾಗಿಲ್ಲ ಎಂಬ ಇನ್ನೊಂದು ಆಕ್ಷೇಪವೂ ಬರುತ್ತದೆ.

ಅರ್ಜಿದಾರರು ತಿದ್ದುತ್ತಾರೆ. ಗೋಡೆಗೆ ಇಂಥ ವಸ್ತು, ಇಷ್ಟು ದಪ್ಪ ಎಂದು ಸೇರಿಸುತ್ತಾರೆ. ಆಗ ಎರಡನೆಯ ಪ್ರಶ್ನೆ: ಹೊಸದೇನೋ ಸರಿ, ಆದರೆ ಆ ಕಸುಬು ಬಲ್ಲ ಯಾರಿಗಾದರೂ ತಾನಾಗಿ ಹೊಳೆಯುವಂಥದ್ದೇ? ಕಾರಿನ ಎಂಜಿನ್ ಪಕ್ಕದ ಎಲೆಕ್ಟ್ರಾನಿಕ್ ಪೆಟ್ಟಿಗೆಗೆ ಅಂಥದೇ ಹಾಳೆ ಅಂಟಿಸಿದ ದಾಖಲೆ ಪರೀಕ್ಷಕರಿಗೆ ಸಿಕ್ಕಿತು ಎನ್ನಿ. ‘ಅಲ್ಲಿ ಬಿಸಿ ತಡೆಯಲು ಬಳಸಿದ್ದನ್ನು ಇಲ್ಲಿಗೆ ತಂದಿದ್ದೀರಿ, ಇದರಲ್ಲಿ ಬುದ್ಧಿ ಖರ್ಚಾಗಿದ್ದೆಲ್ಲಿ?’ ಎಂದು ಅವರು ಕೇಳಬಹುದು. ಭಾರತದ ಕಾನೂನಿನಲ್ಲಿ ಗೊತ್ತಿರುವ ಸಾಧನಗಳನ್ನು ಸುಮ್ಮನೆ ಜೋಡಿಸಿ, ಒಂದೊಂದೂ ತನ್ನ ಪಾಡಿಗೆ ತನ್ನ ಹಳೇ ಕೆಲಸವನ್ನೇ ಮಾಡುತ್ತಿದ್ದರೆ ಅದು ಸಂಶೋಧನೆಯೇ ಅಲ್ಲ ಎಂಬ ಕಲಂ ಕೂಡ ಇದೆ.

ಇಲ್ಲಿ ಪರೀಕ್ಷಕರೂ ಒಂದು ಎಚ್ಚರ ವಹಿಸಬೇಕು. ಉತ್ತರ ಗೊತ್ತಾದ ಮೇಲೆ ಒಗಟು ಸುಲಭ ಅನ್ನಿಸುತ್ತದೆ. ಅರ್ಜಿಯನ್ನು ಓದಿ, ಅದರ ಉತ್ತರ ಇಟ್ಟುಕೊಂಡು ಹಳೆಯ ದಾಖಲೆಗಳಿಂದ ಒಂದೊಂದು ತುಂಡು ಹೆಕ್ಕಿ ‘ಇದು ಮೊದಲೇ ಇತ್ತು’ ಎನ್ನುವುದು ಅನ್ಯಾಯ. ಆ ಎರಡು ದಾಖಲೆಗಳನ್ನು ಜೋಡಿಸಲು ಅಂದಿನ ತಂತ್ರಜ್ಞನಿಗೆ ಕಾರಣವಿತ್ತೇ ಎಂದು ತೋರಿಸಬೇಕು. ಅರ್ಜಿದಾರರ ವಾದ ಗೆಲ್ಲುವುದು ಬಹುಪಾಲು ಈ ಜಾಗದಲ್ಲೇ. ‘ಕವಚ ಹಾಕಿದರೆ ಕಂಟ್ರೋಲರ್ ಬೇಯುತ್ತದೆ ಎಂದು ಎಲ್ಲರೂ ಹೆದರುತ್ತಿದ್ದರು. ನಾವು ಗೋಡೆಯೊಳಗಿಂದಲೇ ಒಂದು ತಾಮ್ರದ ಪಟ್ಟಿ ಹಾಯಿಸಿ ಶಾಖವನ್ನು ಹೊರಗಿನ ರೆಕ್ಕೆಗೆ ಒಯ್ದಿದ್ದೇವೆ. ಆ ಪಟ್ಟಿಯೇ ಗೋಡೆಯನ್ನೂ ಹಿಡಿದು ನಿಲ್ಲಿಸುತ್ತದೆ’ ಎಂದು ಅವರು ಹೇಳಿದರೆ ಮಾತಿಗೆ ತೂಕ ಬರುತ್ತದೆ.

ಅಷ್ಟೇ ಅಲ್ಲ, ವಿವರಣೆ ಓದಿ ಬೇರೊಬ್ಬ ತಂತ್ರಜ್ಞ ಅದನ್ನು ಮಾಡಿ ನೋಡುವಂತಿರಬೇಕು. ಕಂಟ್ರೋಲರಿನ ಶಾಖ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬರೆಯದೆ ಬಚ್ಚಿಟ್ಟರೆ ಕರಾರು ಮುರಿದಂತೆ. ಗುಟ್ಟೂ ಬೇಕು, ಪೇಟೆಂಟೂ ಬೇಕು ಎಂದರೆ ಆಗದು.

ಇಷ್ಟೆಲ್ಲ ನಡೆಯುವುದು ಪತ್ರವ್ಯವಹಾರದಲ್ಲಿ. ಕಚೇರಿಯಿಂದ ಮೊದಲ ಪರೀಕ್ಷಾ ವರದಿ ಬಂದ ಮೇಲೆ ಉತ್ತರಿಸಿ ಎಲ್ಲ ಆಕ್ಷೇಪಗಳನ್ನು ನಿವಾರಿಸಲು 6 ತಿಂಗಳು, ಕೇಳಿಕೊಂಡರೆ ಇನ್ನೂ 3 ತಿಂಗಳು. ಕೊನೆಗೆ ಪೇಟೆಂಟ್ ಸಿಕ್ಕರೂ ಅದು ಸಿಗುವುದು ಮೊದಲು ಕೇಳಿದ ದೊಡ್ಡ ಜಮೀನಿಗಲ್ಲ, ತಾಮ್ರದ ಪಟ್ಟಿ ಹಾಯಿಸಿದ ಆ ಸಣ್ಣ ತುಂಡಿಗೆ. ಜಾಹೀರಾತಿನಲ್ಲಿ ಮಾತ್ರ ‘ನಮ್ಮ ಹೀಟ್ ಪ್ರೂಫ್ ಮೋಟಾರಿಗೆ ಪೇಟೆಂಟ್ ಸಿಕ್ಕಿದೆ’ ಎಂದೇ ಬರುತ್ತದೆ.

ಆ ತೊಂಬತ್ತು ಪರ್ಸೆಂಟ್

ಈ ಇಡೀ ಪತ್ರವ್ಯವಹಾರದಲ್ಲಿ ‘ಕರೆಂಟ್ ಎಷ್ಟು ಉಳಿಯುತ್ತದೆ’ ಎಂಬ ಪ್ರಶ್ನೆ ಬಂದೇ ಇಲ್ಲ, ಗಮನಿಸಿದಿರಾ? ಅದನ್ನು ನಾವೇ ಲೆಕ್ಕ ಹಾಕಬಹುದು.

5 ಎಚ್‌ಪಿ ಎಂದರೆ ಸುಮಾರು 3.73 ಕಿಲೋವಾಟ್ ಕೆಲಸ. ಮೋಟಾರಿನ ದಕ್ಷತೆ ನೂರಕ್ಕೆ 80 ಎಂದುಕೊಂಡರೆ ಅದು ಎಳೆಯುವುದು 4.66 ಕಿಲೋವಾಟ್. ವ್ಯರ್ಥವಾಗುವುದು 0.93 ಕಿಲೋವಾಟ್. ಒಂದಿಷ್ಟೂ ವ್ಯರ್ಥವಾಗದ ಮೋಟಾರನ್ನು ದೇವರೇ ಮಾಡಿಕೊಟ್ಟರೂ ಉಳಿಯುವುದು ಆ 0.93, ಅಂದರೆ ನೂರಕ್ಕೆ 20. ತೊಂಬತ್ತು ಉಳಿಯಬೇಕಾದರೆ 0.47 ಕಿಲೋವಾಟ್ ಒಳಗೆ ಹೋಗಿ 3.73 ಕಿಲೋವಾಟ್ ಹೊರಗೆ ಬರಬೇಕು. ಒಂದು ಕೊಡ ನೀರು ಹುಯ್ದು ಎಂಟು ಕೊಡ ತುಂಬಿಕೊಂಡ ಹಾಗೆ.

‘ಮತ್ತೆ ಬಿಎಲ್‌ಡಿಸಿ ಫ್ಯಾನ್ ಅರ್ಧಕ್ಕಿಂತ ಹೆಚ್ಚು ಕರೆಂಟ್ ಉಳಿಸುತ್ತದಲ್ಲ?’ ಎಂದು ನೀವು ಕೇಳಬಹುದು. ಉಳಿಸುತ್ತದೆ, ಅದು ಸುಳ್ಳಲ್ಲ. ಹಳೇ ಫ್ಯಾನ್ 75 ವಾಟ್ ಆಸುಪಾಸು ಎಳೆಯುತ್ತಿದ್ದರೆ ಇದು 30 ವಾಟ್ ಆಸುಪಾಸು. ಆದರೆ ಅದಕ್ಕೆ ಕಾರಣ ಹಳೇ ಫ್ಯಾನಿನ ಚಿಕ್ಕ ಮೋಟಾರ್ ಬಹಳ ದಂಡದ್ದು, ಎಳೆದ ಕರೆಂಟಿನ ದೊಡ್ಡ ಪಾಲು ಬಿಸಿಯಾಗಿಯೇ ಹೋಗುತ್ತಿತ್ತು. ಅಲ್ಲಿ ಉಳಿಸಲು ಜಾಗವಿತ್ತು. ದೊಡ್ಡ ತ್ರೀ ಫೇಸ್ ಮೋಟಾರಿನಲ್ಲಿ ಅಷ್ಟು ಜಾಗವಿಲ್ಲ.

ಕೊಟ್ಟಿದ್ದಕ್ಕಿಂತ ಹೆಚ್ಚು ಕೊಡುವ ಯಂತ್ರ ಎಂದು ಯಾರಾದರೂ ಅರ್ಜಿಯಲ್ಲೇ ಬರೆದರೆ ನಮ್ಮ ಕಾಯ್ದೆಯ 3ನೇ ಕಲಂನ ಮೊದಲ ಉಪಕಲಂ ಅಡ್ಡ ಬರುತ್ತದೆ. ಪ್ರಕೃತಿನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದದ್ದನ್ನು ಸಂಶೋಧನೆ ಎಂದು ಪರಿಗಣಿಸುವಂತಿಲ್ಲ. ಅಮೆರಿಕದಲ್ಲೂ ಕಚೇರಿ ಸಾಮಾನ್ಯವಾಗಿ ಮಾದರಿ ಕೇಳುವುದಿಲ್ಲ, ಆದರೆ ನಿರಂತರ ಚಲನೆಯ ಯಂತ್ರ ಎಂದರೆ ಕೇಳುತ್ತದೆ.

ಅಲ್ಲಿ ನಡೆದ ಒಂದು ಪ್ರಕರಣ ಹೇಳಲೇಬೇಕು. ಮಿಸಿಸಿಪಿ ರಾಜ್ಯದ ಜೋಸೆಫ್ ನ್ಯೂಮನ್ ಎಂಬವರು 1979ರಲ್ಲಿ ಇಂಥದೊಂದು ಶಕ್ತಿಯಂತ್ರಕ್ಕೆ ಪೇಟೆಂಟ್ ಕೇಳಿದರು. ಪರೀಕ್ಷಕರು ತಿರಸ್ಕರಿಸಿದರು. ನ್ಯೂಮನ್ ನ್ಯಾಯಾಲಯಕ್ಕೆ ಹೋದರು. ನ್ಯಾಯಾಲಯ ನೇಮಿಸಿದ ತಜ್ಞರು ಹಿಂದೆ ಅಮೆರಿಕದ ಪೇಟೆಂಟ್ ಕಚೇರಿಯ ಮುಖ್ಯಸ್ಥರಾಗಿದ್ದವರು. ಅಚ್ಚರಿಯೆಂದರೆ ಅವರೇ ನ್ಯೂಮನ್ ಪರವಾಗಿ ವರದಿ ಕೊಟ್ಟರು! ಕಾಗದ ಓದಿ ತೀರ್ಮಾನಿಸುವಾಗ ಎಂಥವರೂ ಎಡವಬಹುದು. ಕೊನೆಗೆ ಯಂತ್ರವನ್ನು ಅಲ್ಲಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ಗೆ ಕಳಿಸಿ ಅಳೆಸಲಾಯಿತು. 1986ರ ವರದಿಯ ಪ್ರಕಾರ ಪ್ರತಿ ಅಳತೆಯಲ್ಲೂ ಒಳಗೆ ಹೋದ ಶಕ್ತಿಯೇ ಹೆಚ್ಚು. ದಕ್ಷತೆ ನೂರಕ್ಕೆ 26ರಿಂದ 67ರ ನಡುವೆ. ನಮ್ಮ ಊರಿನ ಮಾಮೂಲಿ ಪಂಪ್ ಮೋಟಾರ್ ಇದಕ್ಕಿಂತ ವಾಸಿ. 1989ರಲ್ಲಿ ಮೇಲ್ಮನವಿ ನ್ಯಾಯಾಲಯವೂ ತಿರಸ್ಕಾರವನ್ನು ಎತ್ತಿಹಿಡಿಯಿತು.

ಆದರೆ ಅದೇ ಅಮೆರಿಕದ ಕಚೇರಿ 1979ರಲ್ಲಿ, ಬರೀ ಕಾಯಂ ಅಯಸ್ಕಾಂತಗಳಿಂದ ತಿರುಗುವ ಮೋಟಾರ್ ಎಂಬ ಹೊವಾರ್ಡ್ ಜಾನ್ಸನ್ ಅವರ ಅರ್ಜಿಗೆ ಪೇಟೆಂಟ್ ಕೊಟ್ಟಿದೆ. ‘ಮ್ಯಾಗ್ನೆಟ್‌ನಿಂದ ಉಚಿತ ಕರೆಂಟ್’ ವಿಡಿಯೋಗಳಲ್ಲಿ ಇಂದಿಗೂ ಸುತ್ತುವ ಪೇಟೆಂಟ್ ಅದು. ಇಷ್ಟು ದಶಕಗಳಾದರೂ ಅಂಥ ಮೋಟಾರ್ ಯಾವ ಮನೆಗೂ ಬೆಳಕು ಕೊಟ್ಟಿಲ್ಲ.

ಮಿರ್ಜಾಪುರದ ಪಾತ್ರೆ

ಪೇಟೆಂಟ್ ಸಿಕ್ಕ ಮೇಲೂ ಅದು ಕಲ್ಲಿನ ಮೇಲೆ ಕೊರೆದದ್ದೇನಲ್ಲ. ಉತ್ತರಪ್ರದೇಶದ ಮಿರ್ಜಾಪುರದಲ್ಲಿ ಲೋಹದ ಪಾತ್ರೆಗಳನ್ನು ಲೇತ್ ಮೇಲೆ ಕೂರಿಸಿ ಉಜ್ಜಿ ಹೊಳಪು ಕೊಡುತ್ತಿದ್ದರು. ತಿರುಗುವ ರಭಸಕ್ಕೆ ಪಾತ್ರೆ ಕಳಚಿ ಹಾರಿ ಕೆಲಸಗಾರರಿಗೆ ಅಪಾಯವಾಗುತ್ತಿತ್ತು. ಪಾತ್ರೆಯನ್ನು ಭದ್ರವಾಗಿ ಒತ್ತಿ ಹಿಡಿಯುವ ಒಂದು ಸಾಧನಕ್ಕೆ ಅಲ್ಲಿನ ಹಿಂದುಸ್ತಾನ್ ಮೆಟಲ್ ಇಂಡಸ್ಟ್ರೀಸ್ 1951ರ ಡಿಸೆಂಬರಿನಿಂದ ಜಾರಿಗೆ ಬಂದ ಪೇಟೆಂಟ್ ಪಡೆಯಿತು. ಬೇರೊಂದು ಸಂಸ್ಥೆ ಅದನ್ನೇ ಬಳಸಿದಾಗ ವ್ಯಾಜ್ಯ ಶುರುವಾಯಿತು. ಅಲಹಾಬಾದ್ ಹೈಕೋರ್ಟಿನ ಏಕಸದಸ್ಯ ಪೀಠ ಪೇಟೆಂಟ್ ರದ್ದು ಮಾಡಿತು, ವಿಭಾಗೀಯ ಪೀಠ ಅದನ್ನು ಉಳಿಸಿತು, 1978ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ರದ್ದು ಮಾಡಿತು. ಕಾರಣ, ಅದು ಕಸುಬಿನವರು ಅಂಗಡಿಯಲ್ಲಿ ಮಾಡಿಕೊಳ್ಳುವ ಸುಧಾರಣೆಗಿಂತ ಹೆಚ್ಚಿನದಲ್ಲ ಎಂಬುದು. ಪೇಟೆಂಟ್ ಕೊಟ್ಟ ಮಾತ್ರಕ್ಕೆ ಅದು ಸಿಂಧು ಎಂಬ ಖಾತರಿಯಿಲ್ಲ ಎಂದೂ ಆ ತೀರ್ಪು ಹೇಳಿತು.

ಆ ಸಾಧನ ಕೆಲಸವನ್ನಂತೂ ಮಾಡುತ್ತಿತ್ತು, ಕೆಲಸಗಾರರ ಅಪಾಯ ತಪ್ಪಿಸುತ್ತಿತ್ತು. ಆದರೂ ಪೇಟೆಂಟ್ ಬಿತ್ತು. ಜಾನ್ಸನ್ ಮೋಟಾರ್ ಯಾರ ಕೆಲಸಕ್ಕೂ ಬರಲಿಲ್ಲ. ಆದರೂ ಪೇಟೆಂಟ್ ಸಿಕ್ಕಿತು. ಕೆಲಸ ಮಾಡುವುದು ಒಂದು, ಪೇಟೆಂಟ್ ಇರುವುದು ಇನ್ನೊಂದು.

ನಂಬರ್ ಓದುವ ಬಗೆ

ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಕಾಗದದ ನಂಬರ್ ಓದಿದರು. ಹನ್ನೆರಡು ಅಂಕಿ ಇತ್ತು. ಅಲ್ಲಿಗೇ ಅರ್ಧ ಉತ್ತರ ಸಿಕ್ಕಿತು. ಭಾರತದಲ್ಲಿ ಹನ್ನೆರಡು ಅಂಕಿಯದು ಅರ್ಜಿಯ ನಂಬರ್. ಮೊದಲ ನಾಲ್ಕು ಅಂಕಿ ವರ್ಷ, ಐದನೆಯದು ಕಚೇರಿ (1 ದೆಹಲಿ, 2 ಮುಂಬೈ, 3 ಕೋಲ್ಕತ್ತ, 4 ಚೆನ್ನೈ). ಮಂಜೂರಾದ ಪೇಟೆಂಟಿನ ನಂಬರ್ ಸದ್ಯಕ್ಕೆ ಆರು ಅಂಕಿಯದು. ಅರ್ಜಿ ಹಾಕಲು ಒಬ್ಬ ವ್ಯಕ್ತಿಗೆ ಆನ್‌ಲೈನ್ ಶುಲ್ಕ 1,600 ರೂಪಾಯಿ. ಅಷ್ಟು ಕಟ್ಟಿದ ಯಾರಿಗಾದರೂ ಹನ್ನೆರಡು ಅಂಕಿ ಸಿಗುತ್ತದೆ.

18 ತಿಂಗಳಾದ ಮೇಲೆ ಅರ್ಜಿ ಪೇಟೆಂಟ್ ಕಚೇರಿಯ ಜರ್ನಲ್‌ನಲ್ಲಿ ಪ್ರಕಟವಾಗುತ್ತದೆ. ಈ ಜರ್ನಲ್ ಬರುವುದು ಪ್ರತಿ ಶುಕ್ರವಾರ. ಪ್ರಕಟವಾಗಿದೆ ಎಂದರೆ ಯಾರೋ ಒಪ್ಪಿದ್ದಾರೆ ಎಂದಲ್ಲ. ಪರೀಕ್ಷೆ ಮಾಡಿ ಎಂದು ಬೇರೆಯಾಗಿ ಕೋರಿಕೆ ಸಲ್ಲಿಸಬೇಕು, ಅದಕ್ಕೆ ಬೇರೆ ಶುಲ್ಕ. 2024ರ ಮಾರ್ಚ್ 15ರಿಂದೀಚೆಗಿನ ಅರ್ಜಿಗಳಿಗೆ ಅದಕ್ಕೆ 31 ತಿಂಗಳ ಗಡುವು. ಕೋರದಿದ್ದರೆ ಅರ್ಜಿ ತಾನಾಗಿ ಸತ್ತುಹೋಗುತ್ತದೆ. ಜರ್ನಲ್ ಪುಟದ ಸ್ಕ್ರೀನ್‌ಶಾಟ್ ಮಾತ್ರ ವಾಟ್ಸ್‌ಆ್ಯಪ್‌ನಲ್ಲಿ ಬದುಕಿರುತ್ತದೆ.

‘ಡಿಸೈನ್ ರಿಜಿಸ್ಟ್ರೇಷನ್’ ಪ್ರಮಾಣಪತ್ರವನ್ನು ಪೇಟೆಂಟ್ ಎಂದು ತೋರಿಸುವುದೂ ಉಂಟು. ಅದು ವಸ್ತುವಿನ ಹೊರರೂಪಕ್ಕೆ ಮಾತ್ರ ಸಿಗುವ ರಕ್ಷಣೆ, ಒಳಗಿನ ಕೆಲಸಕ್ಕೆ ಸಂಬಂಧವಿಲ್ಲ. ಇನ್ನು ‘ವಿಶ್ವ ಪೇಟೆಂಟ್’ ಎಂಬುದೇ ಇಲ್ಲ. ಅಂತರರಾಷ್ಟ್ರೀಯ ಅರ್ಜಿ ಎಂಬುದಿದೆ, ಆದರೆ ಪೇಟೆಂಟನ್ನು ಒಂದೊಂದು ದೇಶವೋ ಪ್ರಾದೇಶಿಕ ಕಚೇರಿಯೋ ತನ್ನ ವ್ಯಾಪ್ತಿಗೆ ಕೊಡಬೇಕು. ಪೇಟೆಂಟ್ ಇಲ್ಲದೆಯೇ ಇದೆ ಎಂದು ಹೇಳಿಕೊಂಡು ಮಾರುವುದಕ್ಕೆ ನಮ್ಮ ಕಾಯ್ದೆಯ 120ನೇ ಕಲಂ ಪ್ರಕಾರ 10 ಲಕ್ಷ ರೂಪಾಯಿವರೆಗೆ ದಂಡ ಬೀಳಬಹುದು.

ನಂಬರನ್ನು ಪೇಟೆಂಟ್ ಕಚೇರಿಯ ಉಚಿತ ಹುಡುಕು ತಾಣವಾದ ‘ಇನ್‌ಪಾಸ್’ನಲ್ಲಿ ಹಾಕಿ ನೋಡಿದೆ. ಮೊಬೈಲಿನಲ್ಲೂ ತೆರೆಯುತ್ತದೆ, ಸ್ವಲ್ಪ ತಾಳ್ಮೆ ಬೇಕು. ಅರ್ಜಿ ಪ್ರಕಟವಾಗಿತ್ತು. ಪರೀಕ್ಷೆಗೆ ಕೋರಿಕೆ ಬಂದಿರಲಿಲ್ಲ. ಮೊದಲ ಕ್ಲೇಮ್ ಓದಿದೆ. ಮೋಟಾರ್, ಒಳಗೊಂದು ಕಂಟ್ರೋಲರ್, ಅದರ ಸುತ್ತ ಶಾಖನಿರೋಧಕ ಕವಚ, ಅಷ್ಟೇ ಇತ್ತು. ಕಂಟ್ರೋಲರಿನ ಶಾಖ ಎಲ್ಲಿಗೆ ಹೋಗುತ್ತದೆ ಎಂಬ ಮಾತಿಲ್ಲ. ‘ಎಂದಿಗೂ ಸುಡುವುದಿಲ್ಲ’ ಎಂಬುದಾಗಲಿ, ತೊಂಬತ್ತು ಪರ್ಸೆಂಟ್ ಆಗಲಿ ಇಡೀ ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ. ಕಚೇರಿಗೆ ಹೇಳದ ಮಾತನ್ನು ರೈತರಿಗೆ ಹೇಳಿದ್ದರು.

ದೊಡ್ಡಪ್ಪನಿಗೆ ಓದಿ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು, “ಹಂಗಾದ್ರೆ ಮೋಟಾರ್ ಸುಡದಂಗೆ ಏನ್ ಮಾಡ್ಲಪ್ಪ?” ಎಂದರು. ಅದು ನಿಜವಾದ ಪ್ರಶ್ನೆ. ಬೋರ್‌ವೆಲ್ ಮೋಟಾರ್ ನೀರಿನಲ್ಲೇ ಮುಳುಗಿರುತ್ತದೆ. ಅದು ಸುಡುವುದು ಬಹುಪಾಲು ವೋಲ್ಟೇಜ್ ಕುಸಿದು ಹೆಚ್ಚು ಕರೆಂಟ್ ಎಳೆದಾಗ, ಮೂರರಲ್ಲಿ ಒಂದು ಫೇಸ್ ಹೋದಾಗ, ಇಲ್ಲವೇ ನೀರು ಬತ್ತಿ ಒಣ ಓಡಿದಾಗ. ಇದಕ್ಕೆ ಯಾವ ಕವಚವೂ ಉತ್ತರವಲ್ಲ. ತಿಪಟೂರಿನ ರೀವೈಂಡಿಂಗ್ ಅಂಗಡಿಯವರನ್ನು ಕರೆಸಿ, ಫೇಸ್ ಹೋದರೆ ಮೋಟಾರನ್ನು ತಾನೇ ಆಫ್ ಮಾಡುವ ಪ್ರಿವೆಂಟರ್ ಮತ್ತು ಒಣ ಓಟ ತಡೆಯುವ ಸಾಧನ ಇರುವ ಪ್ಯಾನಲ್ ಬೋರ್ಡ್ ಹಾಕಿಸಿಕೊಂಡರು. ಅದಕ್ಕೆ ಐಎಸ್‌ಐ ಮಾರ್ಕ್ ಇದೆಯಾ ಎಂದು ಅಂಗಡಿಯವರನ್ನು ಎರಡು ಸಲ ಕೇಳಿದರಂತೆ.

ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಆ ಫಾರ್ವರ್ಡ್ ಇನ್ನೂ ಹಾಗೇ ಇದೆ. ಅದರ ಕೆಳಗೆ ದೊಡ್ಡಪ್ಪ ಒಂದು ವಾಯ್ಸ್ ಮೆಸೇಜ್ ಹಾಕಿದ್ದಾರೆ: “ಯಾರೂ ದುಡ್ಡು ಕಟ್ಬೇಡಿ. ಇದು ಬರೀ ಅರ್ಜಿ ನಂಬರು.”